ಪ್ಲಾಟಿನ ಪಕ್ಕದ ಯಹೂದಿ ಸ್ಮಶಾನ: ಖಾಲಿ ಕಾಣುವ ಜಾಗ ಖಾಲಿಯಲ್ಲ

ಪ್ರಶ್ನೆ: ನಾನು ಹುಬ್ಬಳ್ಳಿಯವಳು, ಬ್ಯಾಂಕಿನಿಂದ ನಿವೃತ್ತಳಾಗಿದ್ದೇನೆ. ಪುಣೆಯಲ್ಲಿರುವ ಮಗ ಮಹಾರಾಷ್ಟ್ರದ ಕರಾವಳಿಯ ಅಲಿಬಾಗ್ ಹತ್ತಿರದ ಹಳ್ಳಿಯೊಂದರಲ್ಲಿ ಹತ್ತು ಗುಂಟೆಯ ಎನ್‌ಎ (ಕೃಷಿಯೇತರ) ಪ್ಲಾಟ್ ನೋಡಿ ಅಡ್ವಾನ್ಸ್ ಕೊಟ್ಟಿದ್ದಾನೆ. ಪಕ್ಕದಲ್ಲೇ ಹಳೆಯ ಯಹೂದಿ ಸ್ಮಶಾನವಿದೆ. ಏಳೆಂಟು ಗೋರಿ ಎದ್ದು ಕಾಣುತ್ತವೆ. ಉಳಿದದ್ದು ಪೊದೆ, ಅಲ್ಲಲ್ಲಿ ಕಾಡುಕಲ್ಲು, ದನ ಮೇಯುತ್ತವೆ. ಕೆತ್ತನೆ ಇರುವ ಎರಡು ಕಲ್ಲು ನಮ್ಮ ಕಡೆ ಬಿದ್ದಿವೆ, ಒಂದರ ಮೇಲೆ ಆರು ಮೂಲೆಯ ನಕ್ಷತ್ರ. ಏಜೆಂಟ್ ಹೇಳುವುದು, ‘ಆ ಜನ ಎಲ್ಲಾ ಇಸ್ರೇಲಿಗೆ ಹೋಗಿದ್ದಾರೆ, ಕೇಳೋರಿಲ್ಲ. ಖಾಲಿ ಜಾಗವನ್ನೂ ಸೇರಿಸಿ ಬೇಲಿ ಹಾಕ್ಕೊಳ್ಳಿ, ಹನ್ನೆರಡು ವರ್ಷ ಆದ್ರೆ ನಿಮ್ದೇ’ ಅಂತ. ಊರವರು ರಾತ್ರಿ ಆ ಕಡೆ ಹಾಯುವುದಿಲ್ಲ. ಯಾರೋ ಗೋರಿಗಳ ಮೇಲೆ ಸಣ್ಣ ಕಲ್ಲು ಇಟ್ಟು ಹೋಗುತ್ತಾರೆ, ಅದು ಮಾಟ ಅನ್ನುತ್ತಾರೆ. ಒಳಗೆ ಚಿನ್ನ ಇದೆ ಎಂಬ ಸುದ್ದಿಯೂ ಇದೆ. ನನ್ನ ಚಿಂತೆ ಮೂರು. ಅಲ್ಲಿ ಬಾವಿ ತೋಡಿದರೆ ನೀರು ಕುಡಿಯಬಹುದೇ? ನಮ್ಮ ಕಡೆ ಬಿದ್ದಿರುವ ಕಲ್ಲುಗಳನ್ನು ಏನು ಮಾಡಬೇಕು? ಗೋರಿಗಳನ್ನು ನಾವೇ ತೊಳೆಸಿ, ಸಿಮೆಂಟ್ ಹಾಕಿಸಿ, ಸುಣ್ಣ ಬಳಿಸಿದರೆ ಪುಣ್ಯದ ಕೆಲಸ ಅಲ್ವಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಆ ಸಣ್ಣ ಕಲ್ಲುಗಳ ಮೇಲೆ. ಅದು ಮಾಟವಲ್ಲ. ಗೋರಿಗೆ ಬಂದವರು ಒಂದು ಹರಳು ಎತ್ತಿ ಮೇಲಿಟ್ಟು ಹೋಗುವುದು ಯಹೂದಿಗಳ ಹಳೆಯ ರೂಢಿ. ಬಂದು ನೆನೆದು ಹೋದೆವು ಎಂಬುದಕ್ಕೆ ಅಷ್ಟೇ ಗುರುತು. ಏಜೆಂಟ್ ‘ಕೇಳೋರಿಲ್ಲ’ ಎಂದನಲ್ಲ, ಕೇಳುವವರು ಬಂದು ಹೋಗುತ್ತಿದ್ದಾರೆ ಎಂದು ಆ ಹರಳುಗಳೇ ಹೇಳುತ್ತಿವೆ. ಗೋರಿಯ ತಲೆಯ ಬಳಿ ಕರಗಿದ ಮೇಣವೋ, ಬತ್ತಿ ಸುಟ್ಟ ಕಲೆಯೋ ಇದೆಯಾ ನೋಡಿ. ಇದ್ದರೆ ಇತ್ತೀಚೆಗೂ ಯಾರೋ ಬಂದಿದ್ದಾರೆ ಎಂದರ್ಥ.

ನೀವು ಕೇಳಿದ ಮೂರು ಪ್ರಶ್ನೆಗಳ ಹಿಂದೆ ಕೇಳದ ಒಂದು ಪ್ರಶ್ನೆ ಇದೆ: ಈ ಪ್ಲಾಟ್ ಕೊಳ್ಳಬಹುದೇ? ಸ್ಮಶಾನದ ಪಕ್ಕ ಎಂಬ ಒಂದೇ ಕಾರಣಕ್ಕೆ ಬಿಡಬೇಕಾಗಿಲ್ಲ. ಆದರೆ ಗಡಿ ಎಲ್ಲಿದೆ ಎಂದು ಖಾತ್ರಿಯಾಗದೆ ಮುಂದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕಲ್ಲಿನ ಸ್ಮಾರಕಗಳ ಸಂರಕ್ಷಣೆ ನನ್ನ ಕಸುಬು. ಹಳ್ಳಿಗಳ ಹಳೆಯ ಸ್ಮಶಾನಗಳಲ್ಲಿ ನಾನು ಕಂಡ ಜಗಳಗಳಲ್ಲಿ ಬಹುಪಾಲು ಗೋರಿಗಳ ಬಗ್ಗೆ ಅಲ್ಲ, ಗೋರಿ ಎಲ್ಲಿಗೆ ಮುಗಿಯುತ್ತದೆ ಎಂಬುದರ ಬಗ್ಗೆ.

ಇಲ್ಲಿ ಮಲಗಿರುವವರು ಯಾರು ಎಂದು ಸ್ವಲ್ಪ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಆ ಪೊದೆಯ ಜಾಗದ ವಿಷಯ ಅರ್ಥವಾಗುವುದಿಲ್ಲ.

ಅಲಿಬಾಗ್ ಸುತ್ತಿನ ಯಹೂದಿಗಳು ಬೆನೆ ಇಸ್ರೇಲ್ ಎಂಬ ಸಮುದಾಯದವರು. ಇವರ ಪೂರ್ವಜರ ಹಡಗು ಕೊಂಕಣದ ಕರಾವಳಿಯಲ್ಲಿ ಒಡೆಯಿತು, ಏಳು ಗಂಡಸರು ಏಳು ಹೆಂಗಸರು ಮಾತ್ರ ಬದುಕಿ ನವಗಾಂವ್ ದಡ ಸೇರಿದರು ಎಂಬುದು ಅವರ ಹಿರಿಯರಿಂದ ಬಂದ ಕತೆ. ದಡಕ್ಕೆ ತೇಲಿಬಂದ ಹೆಣಗಳನ್ನು ಅಲ್ಲೇ ದಿಬ್ಬ ಮಾಡಿ ಹೂಳಿದರಂತೆ. ನವಗಾಂವ್‌ನ ಹಳೆಯ ಸ್ಮಶಾನದಲ್ಲಿ ಅದರ ನೆನಪಿಗೆ ಸಮುದಾಯದವರು ಸ್ಮಾರಕ ಕಟ್ಟಿದ್ದಾರೆ. ಇದು ಎರಡು ಸಾವಿರ ವರ್ಷ ಹಿಂದಿನ ಮಾತು ಎಂದು ಅವರು ನಂಬುತ್ತಾರೆ, ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಅದು ಹೇಗೂ ಇರಲಿ. ಈ ಜನ ಶತಮಾನಗಳ ಕಾಲ ಕೊಂಕಣದ ಹಳ್ಳಿಗಳಲ್ಲಿ ಗಾಣ ನಡೆಸಿದರು, ಹೊಲ ಉತ್ತರು, ಮರಾಠಿ ಮಾತಾಡಿದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಹಾಗಾಗಿ ಊರವರು ಇವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದು ಕರೆದರು. ಇದ್ದ ಹಳ್ಳಿಯ ಹೆಸರಿಗೆ ‘ಕರ್’ ಸೇರಿಸಿ ಅಡ್ಡಹೆಸರು ಮಾಡಿಕೊಂಡರು. ರೋಹೆಕರ್, ಪೆಣ್‌ಕರ್, ನಾಗಾವ್‌ಕರ್, ಚೌಲ್‌ಕರ್, ದಿವೇಕರ್.

ನಮ್ಮ ಕಡೆಗೂ ಇವರ ನಂಟಿದೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ 1904ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ ಒಂದು ಪುಟ್ಟ ಯಹೂದಿ ಸ್ಮಶಾನವಿದೆ. ಅದರ ಮೊದಮೊದಲ ಹೆಸರುಗಳಲ್ಲಿ ಒಂದು ಸುಬೇದಾರ್ ಸ್ಯಾಮ್ಯುಯೆಲ್ ನಾಗಾವ್‌ಕರ್. ಅಲಿಬಾಗ್ ಪಕ್ಕದ ನಾಗಾವ್‌ನ ಹೆಸರು ಹೊತ್ತ ಮನೆತನ ಅದು. ನಮ್ಮ ಕಡೆ ನಂಟಿದ್ದ, ಅದಕ್ಕೂ ಬಹಳ ಹಿಂದಿನ ಇನ್ನೊಬ್ಬರು ಸ್ಯಾಮ್ಯುಯೆಲ್ ದಿವೇಕರ್. 1796ರಲ್ಲಿ ಮುಂಬೈನ ಮೊದಲ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಕಟ್ಟಿಸಿದವರು. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆ ಸಿಕ್ಕು, ಬಿಡುಗಡೆಯಾಗಿ ಬಂದ ಮೇಲೆ ಹರಕೆಯಂತೆ ಅದನ್ನು ಕಟ್ಟಿಸಿದರು ಎಂದು ಸಮುದಾಯದವರು ಹೇಳುತ್ತಾರೆ. ಇದನ್ನು ಯಾಕೆ ಹೇಳಿದೆನೆಂದರೆ, ಬೆನೆ ಇಸ್ರೇಲರಲ್ಲಿ ಬಹಳ ಜನ ಬ್ರಿಟಿಷರ ಬಾಂಬೆ ಸೈನ್ಯದಲ್ಲಿದ್ದರು. ಗೋರಿಕಲ್ಲಿನ ಮೇಲೆ ಸುಬೇದಾರ್, ಜಮಾದಾರ್ ಎಂಬ ಹುದ್ದೆಯೋ ಪಲ್ಟಣಿನ ನಂಬರೋ ಕಂಡರೆ ಆ ಕುಟುಂಬವನ್ನು ಹುಡುಕುವುದು ಸುಲಭ.

ಈಗ ಮುಖ್ಯ ವಿಷಯ. ಏಳೆಂಟು ಗೋರಿ ಮಾತ್ರ ಇವೆ, ಉಳಿದದ್ದು ಖಾಲಿ ಎಂದಿದ್ದೀರಿ. ನಾನು ಹಾಗೆ ನಂಬುವುದಿಲ್ಲ.

ಈ ಸಮುದಾಯ ಕೊಂಕಣದ ಹಳ್ಳಿಗಳಲ್ಲಿ ಒಂಟಿಯಾಗಿದ್ದ ಕಾಲದಲ್ಲಿ ಹೀಬ್ರೂ ಹೆಚ್ಚುಕಡಿಮೆ ಮರೆತೇ ಹೋಗಿತ್ತು. ಶೆಮಾ ಎಂಬ ಒಂದು ಪ್ರಾರ್ಥನೆ, ಸುನ್ನತಿ, ಶನಿವಾರದ ವಿರಾಮ, ಕೆಲವು ಊಟದ ಕಟ್ಟುಪಾಡು, ಇಷ್ಟು ಉಳಿದಿದ್ದವು. 19ನೇ ಶತಮಾನದಲ್ಲಿ ಕೊಚ್ಚಿಯಿಂದ ಬಂದ ಗುರುಗಳಿಂದ, ಮಿಷನರಿ ಶಾಲೆಗಳಿಂದ ಮತ್ತೆ ಹೀಬ್ರೂ ಕಲಿತರು. ಅಕ್ಷರ ಕೆತ್ತಿದ ಗೋರಿಗಳು ಜಾಸ್ತಿಯಾದದ್ದು ಆಮೇಲೆ. ಅದಕ್ಕೂ ಹಿಂದೆ ಹಳ್ಳಿಯ ಬಡ ಗಾಣಿಗ ಸತ್ತರೆ ಮಣ್ಣು ಮುಚ್ಚಿ, ತಲೆಯ ಕಡೆ ಒಂದು ಕಾಡುಕಲ್ಲು ನೆಟ್ಟರೆ ಮುಗಿಯಿತು. ನೀವು ‘ಅಲ್ಲಲ್ಲಿ ಕಾಡುಕಲ್ಲು’ ಎಂದು ಬರೆದಿದ್ದೀರಲ್ಲ, ಅವನ್ನು ಒಮ್ಮೆ ದೂರ ನಿಂತು ನೋಡಿ. ಸಾಲಿನಲ್ಲಿವೆಯಾ? ಎಲ್ಲಾ ಒಂದೇ ದಿಕ್ಕಿಗೆ ಇವೆಯಾ? ಮಧ್ಯೆ ಮಧ್ಯೆ ನೆಲ ಉದ್ದಕ್ಕೆ ಸ್ವಲ್ಪ ತಗ್ಗಾಗಿದೆಯಾ? ಹಾಗಿದ್ದರೆ ಅವು ಗೋರಿಗಳೇ. ಎದ್ದು ಕಾಣುವ ಆ ಏಳೆಂಟಕ್ಕಿಂತ ಹಳೆಯವು. ಖಾಲಿ ಕಾಣುವ ಭಾಗವೇ ಇಂಥ ಸ್ಮಶಾನದ ಹಳೆಯ ಭಾಗವಾಗಿರುವುದು ನಾನು ಹಲವು ಕಡೆ ಕಂಡದ್ದು. ಬೇಲಿ ಹಾಕಿ ತೆಂಗಿನ ಗುಂಡಿ ತೆಗೆಸಿದರೆ ಮೊದಲು ಹಾಳಾಗುವುದು ಅದೇ.

ಇದನ್ನು ನೋಡಲು ಒಳ್ಳೆಯ ಹೊತ್ತು ಬೆಳಗಿನ ಎಳೆಬಿಸಿಲು ಅಥವಾ ಸಂಜೆ ನಾಲ್ಕೂವರೆಯ ನಂತರ. ಬಿಸಿಲು ಓರೆಯಾಗಿ ಬಿದ್ದಾಗ ನೆಲದ ಉಬ್ಬುತಗ್ಗು ತಾನಾಗಿಯೇ ಕಾಣುತ್ತದೆ. ಮಟಮಟ ಮಧ್ಯಾಹ್ನ ಹೋದರೆ ಏನೂ ತಿಳಿಯದು. ಪೊದೆ ಒಣಗಿರುವ ಫೆಬ್ರುವರಿ, ಮಾರ್ಚ್ ಇದಕ್ಕೆ ಸರಿಯಾದ ಕಾಲ.

ಊರಿನ ಮಾತುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಚಿನ್ನ ಇಲ್ಲ. ಯಹೂದಿಗಳು ಹೆಣಕ್ಕೆ ಸಾದಾ ಬಿಳಿ ಬಟ್ಟೆ ಸುತ್ತಿ ಹೂಳುತ್ತಾರೆ. ಸಾಹುಕಾರನಾದರೂ ಅಷ್ಟೇ, ಬಡವನಾದರೂ ಅಷ್ಟೇ, ಒಡವೆ ಇಡುವ ಪದ್ಧತಿಯೇ ಇಲ್ಲ. ನಿಧಿಯಾಸೆಗೆ ನಮ್ಮಲ್ಲಿ ಎಷ್ಟು ಗುಡಿಗಳ ಪೀಠ ಕಿತ್ತಿದ್ದಾರೆ, ಎಷ್ಟು ವೀರಗಲ್ಲು ಉರುಳಿಸಿದ್ದಾರೆ ಎಂದು ನಿಮಗೆ ಗೊತ್ತೇ ಇದೆ. ಅಲ್ಲಿ ಸಿಕ್ಕಷ್ಟೂ ಇಲ್ಲಿ ಸಿಗುವುದಿಲ್ಲ. ಸಿಕ್ಕರೂ ಅಗೆದವನದಲ್ಲ. ನೆಲದಲ್ಲಿ ಹುದುಗಿದ್ದು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದಾದರೆ ಕಲೆಕ್ಟರಿಗೆ ತಿಳಿಸಬೇಕು ಎಂದು 1878ರ ನಿಧಿ ಕಾಯ್ದೆ ಹೇಳುತ್ತದೆ. ಹತ್ತು ರೂಪಾಯಿ ಆಗಿನದ್ದು, ಕಾಯ್ದೆ ಇನ್ನೂ ಜಾರಿಯಲ್ಲಿದೆ.

ಆರು ಮೂಲೆಯ ನಕ್ಷತ್ರ ಮಂತ್ರವಾದಿಗಳ ಯಂತ್ರವೂ ಅಲ್ಲ. ಷಟ್ಕೋಣ ನಮ್ಮ ಪೂಜೆಯ ಯಂತ್ರಗಳಲ್ಲಿದೆ, ಮಸೀದಿಗಳ ಕಿಟಕಿಗಳಲ್ಲಿದೆ. ಯಹೂದಿಗಳಿಗೆ ಅದು ದಾವೀದನ ಗುರುತು. ಇನ್ನು ದೆವ್ವದ ಮಾತು. ಅದರ ಬಗ್ಗೆ ನಾನು ವಾದ ಮಾಡುವುದಿಲ್ಲ, ಊರವರಿಗೆ ಬಿಡಿಸಿ ಹೇಳಲೂ ಹೋಗಬೇಡಿ. ಆ ಹೆದರಿಕೆಯಿಂದಲೇ ಇಷ್ಟು ವರ್ಷ ಅಲ್ಲಿ ಯಾರೂ ಕಲ್ಲು ಕದ್ದಿಲ್ಲ.

ಏಜೆಂಟಿನ ಹನ್ನೆರಡು ವರ್ಷದ ಲೆಕ್ಕಕ್ಕೆ ಬರೋಣ. ನಾನು ವಕೀಲನಲ್ಲ, ಕ್ರಯಪತ್ರ ಬರೆಯುವ ಮೊದಲು ಅಲಿಬಾಗ್‌ನಲ್ಲೇ ಒಬ್ಬ ಕಂದಾಯ ವಕೀಲರನ್ನು ಕಾಣಿ. ಆದರೆ ಕಸುಬಿನಲ್ಲಿ ಮತ್ತೆ ಮತ್ತೆ ಎದುರಾದ ವಿಷಯಗಳನ್ನು ಹೇಳಬಲ್ಲೆ. ಸಾತ್‌ಬಾರಾ ಉತಾರ, ಅಂದರೆ ನಮ್ಮ ಪಹಣಿಯಂಥದ್ದು, ನಿಮ್ಮ ಪ್ಲಾಟಿನದು ಮಾತ್ರ ತೆಗೆದರೆ ಸಾಲದು. ಪಕ್ಕದ ಸ್ಮಶಾನದ ಸರ್ವೆ ನಂಬರಿನದೂ ತೆಗೆಸಿ. ತಲಾಠಿ (ಗ್ರಾಮ ಲೆಕ್ಕಿಗರ) ಕಚೇರಿಯಲ್ಲಿ ಕೇಳಿದರೆ ಸಿಗುತ್ತದೆ, ಆನ್‌ಲೈನಿನಲ್ಲೂ ಇದೆ. ಅದರಲ್ಲಿ ಯಾರ ಹೆಸರಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಸರಕಾರದ ಹೆಸರಿದ್ದು ಸ್ಮಶಾನ ಎಂದು ಬರೆದಿದ್ದರೆ, ಸರಕಾರಿ ಜಮೀನಿನ ಮೇಲೆ ಅನುಭವದ ಹಕ್ಕು ಹೇಳಲು ಹನ್ನೆರಡಲ್ಲ, 30 ವರ್ಷ ಬೇಕು. ಅದನ್ನೂ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಅಷ್ಟರೊಳಗೆ ಯಾವ ತಹಶೀಲ್ದಾರ ಬೇಕಾದರೂ ಬಂದು ಬೇಲಿ ಕೀಳಿಸಬಹುದು. ಸಿನಗಾಗ್‌ನ ಟ್ರಸ್ಟ್ ಹೆಸರಿದ್ದರೆ, ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟಿನ ಜಾಗ ಮಾರಲು ಚಾರಿಟಿ ಕಮಿಷನರ್ ಒಪ್ಪಿಗೆ ಬೇಕು, 1950ರ ಕಾಯ್ದೆಯ ಪ್ರಕಾರ. ‘ಟ್ರಸ್ಟಿನವರ ಹತ್ತಿರ ಮಾತಾಡಿ ಕೊಡಿಸ್ತೀನಿ’ ಎಂದು ಏಜೆಂಟ್ ಹೇಳಿದರೆ ಆ ಒಪ್ಪಿಗೆಯ ಕಾಗದ ತೋರಿಸು ಅನ್ನಿ. ಹಳೆಯ ಖಾಸಗಿ ಹೆಸರೇ ಇನ್ನೂ ಉಳಿದಿದ್ದರೆ ವಿಷಯ ಇನ್ನೂ ಗೋಜಲು. ವಾರಸುದಾರರು ಇಸ್ರೇಲಿನಲ್ಲೋ ಠಾಣೆಯಲ್ಲೋ ಇರುತ್ತಾರೆ, ಮತ್ತು ಇಂದಲ್ಲ ನಾಳೆ ಬರುತ್ತಾರೆ.

ಇದಲ್ಲದೆ, ಹೂಳಿದ ಜಾಗಕ್ಕೆ ಅತಿಕ್ರಮವಾಗಿ ನುಗ್ಗಿ ಜನರ ಭಾವನೆಗೆ ನೋವುಂಟು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಿನಡಿ ಅಪರಾಧ. ಹಿಂದೆ ಐಪಿಸಿ 297 ಎಂದಿತ್ತು. ಮಹಾರಾಷ್ಟ್ರ ಸರಕಾರ 2016ರಲ್ಲಿ ಯಹೂದಿಗಳನ್ನು ಅಲ್ಪಸಂಖ್ಯಾತರೆಂದು ಘೋಷಿಸಿದೆ. ಸಮುದಾಯ ಸಣ್ಣದು ನಿಜ. 1950ರ ಸುಮಾರಿಗೆ ಇಪ್ಪತ್ತು ಸಾವಿರದಷ್ಟಿದ್ದವರು ಬಹುತೇಕ ಇಸ್ರೇಲಿಗೆ ಹೋಗಿ ಈಗ ಭಾರತದಲ್ಲಿ ಕೆಲವೇ ಸಾವಿರ ಜನ ಉಳಿದಿದ್ದಾರೆ, ಹೆಚ್ಚಿನವರು ಮುಂಬೈ ಮತ್ತು ಠಾಣೆಯಲ್ಲಿ. ಆದರೆ ಅಲಿಬಾಗ್‌ನಲ್ಲಿ ಮಾಗೆನ್ ಅಬೋತ್ ಸಿನಗಾಗ್ ಇದೆ, ಅದರ ಸುತ್ತಿನ ಬೀದಿಯನ್ನು ಜನ ಇವತ್ತಿಗೂ ಇಸ್ರೇಲ್ ಆಳಿ ಎಂದೇ ಕರೆಯುತ್ತಾರೆ. ಅಂಥ ಕಡೆ ‘ಕೇಳೋರಿಲ್ಲ’ ಎನ್ನುವ ಏಜೆಂಟ್ ಸುಳ್ಳು ಹೇಳುತ್ತಿದ್ದಾನೆ, ಇಲ್ಲವೇ ಊರೇ ಗೊತ್ತಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಎದುರು ದಿಕ್ಕಿನದು. ‘ಹಳೆಯದು ಅಂದ್ರೆ ಪುರಾತತ್ವ ಇಲಾಖೆದು, ಪಕ್ಕ ಕಟ್ಟೋಕೇ ಬಿಡಲ್ಲ’ ಎಂದು ಯಾರಾದರೂ ನಿಮ್ಮನ್ನು ಹೆದರಿಸಬಹುದು. ನೂರು ವರ್ಷ ದಾಟಿದ ಮಾತ್ರಕ್ಕೆ ಯಾವುದೂ ಸಂರಕ್ಷಿತ ಸ್ಮಾರಕವಾಗುವುದಿಲ್ಲ. ಕೇಂದ್ರದ ಪಟ್ಟಿಯಲ್ಲಿದ್ದರೆ ಮಾತ್ರ 100 ಮೀಟರ್ ಒಳಗೆ ಕಟ್ಟುವಂತಿಲ್ಲ, ಅದರಾಚೆ ಇನ್ನು 200 ಮೀಟರಿಗೆ ಅನುಮತಿ ಬೇಕು. ಹಳ್ಳಿಯ ಸ್ಮಶಾನಗಳು ಬಹುಪಾಲು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನಿಮಗೆ ಅದು ಅನುಕೂಲ, ಸ್ಮಶಾನಕ್ಕೆ ಅದೇ ಅಪಾಯ.

ಬರೀ ಒಪ್ಪಂದ ಕಾಗದ ಇದ್ದರೂ ಸಾಲದು ಎಂಬುದಕ್ಕೆ ಕೇರಳದ ಮಾಳ ಎಂಬ ಊರು ನೋಡಿ. ಅಲ್ಲಿನ ಯಹೂದಿಗಳು 1955ರಲ್ಲಿ ಇಸ್ರೇಲಿಗೆ ಹೊರಡುವಾಗ ಸಿನಗಾಗ್, ಸ್ಮಶಾನ ಎರಡನ್ನೂ ಕಾಪಾಡಬೇಕೆಂದು ಬರೆಸಿ ಪಂಚಾಯಿತಿಗೆ ಒಪ್ಪಿಸಿಹೋದರು. ಆಮೇಲೆ ಸ್ಮಶಾನದ ಜಾಗದಲ್ಲಿ ಕ್ರೀಡಾಂಗಣ ಎಂದು ವರ್ಷಗಟ್ಟಲೆ ವಿವಾದ ನಡೆಯಿತು. ಎದ್ದು ಕಾಣುವ ಗೋರಿ ಬೆರಳೆಣಿಕೆಯಷ್ಟು, ಉಳಿದದ್ದು ಖಾಲಿ ಮೈದಾನ ಎಂಬ ನೋಟವೇ ಅಲ್ಲೂ ಇದ್ದದ್ದು.

ಹಾಗಾಗಿ ನಿಮ್ಮ ಮಗ ಮಾಡಬೇಕಾದ ಮೊದಲ ಕೆಲಸ ಮೋಜಣಿ. ಭೂಮಾಪನ ಕಚೇರಿಗೆ ಅರ್ಜಿ ಹಾಕಿ ಹದ್ದುಬಸ್ತು ಮಾಡಿಸಲಿ. ಅದಕ್ಕೆ ಮಾರುವವರ ಸಹಿ ಬೇಕಾಗುತ್ತದೆ. ಅವರು ಹಿಂದೇಟು ಹಾಕಿದರೆ ಅಲ್ಲಿಗೇ ನಿಮಗೆ ಉತ್ತರ ಸಿಕ್ಕಂತೆ. ಅಳತೆಯ ದಿನ ಪಂಚಾಯಿತಿಯವರು, ಸಿನಗಾಗ್ ಕಡೆಯವರು ಒಬ್ಬರಾದರೂ ಇರುವಂತೆ ನೋಡಿಕೊಳ್ಳಿ. ನಕ್ಷೆಯ ಗೆರೆ ನಿಮ್ಮ ಪ್ಲಾಟ್ ಒಳಗೇ ಬಂದರೂ ಆಶ್ಚರ್ಯಪಡಬೇಡಿ. ಹಾಗಾದರೆ ಬೆಲೆ ಇಳಿಸಲು ನಿಮಗೆ ದಾರಿ ಸಿಕ್ಕಿತು. ಗೆರೆ ಸರಿಯಾಗೇ ಇದ್ದು, ನಿಮ್ಮ ಭಾಗದಲ್ಲೂ ಆ ಕಾಡುಕಲ್ಲಿನ ಸಾಲು ಮುಂದುವರಿದಿದ್ದರೆ ವಿಷಯ ಬೇರೆ. ಕಾಗದದಲ್ಲಿ ಜಾಗ ನಿಮ್ಮದು, ನೆಲದೊಳಗೆ ಅವರದು. ಅಂಥ ಪ್ಲಾಟ್ ನನ್ನ ಮಗ ಕೊಳ್ಳುತ್ತೇನೆ ಎಂದರೆ ನಾನು ಬೇಡ ಅನ್ನುತ್ತೇನೆ. ಯಹೂದಿ ಕಟ್ಟಳೆಯಲ್ಲಿ ಗೋರಿ ಶಾಶ್ವತ. ಅವಧಿ ಮುಗಿಯಿತು, ಎತ್ತಿ ಬೇರೆಡೆ ಇಡೋಣ ಎಂಬ ಮಾತಿಲ್ಲ. ತೀರಾ ಅಪರೂಪದ ಕಾರಣಕ್ಕೆ, ಧರ್ಮಗುರುಗಳ ಒಪ್ಪಿಗೆಯಿಂದ ಮಾತ್ರ ಅಸ್ಥಿ ಸಾಗಿಸುತ್ತಾರೆ. ಪಾಯ ತೆಗೆಯುವಾಗ ಮೂಳೆ ಸಿಕ್ಕರೆ ಕೆಲಸ ನಿಲ್ಲುತ್ತದೆ, ಪೊಲೀಸ್ ಬರುತ್ತಾರೆ.

ಈಗ ಆ ಎರಡು ಕಲ್ಲು. ಸದ್ಯಕ್ಕೆ ಎತ್ತಬೇಡಿ.

ಗೋರಿಕಲ್ಲಿನ ಬೆಲೆ ಅರ್ಧ ಬರಹದಲ್ಲಿದೆ, ಅರ್ಧ ಅದು ಬಿದ್ದಿರುವ ಜಾಗದಲ್ಲಿದೆ. ಭಾರತದಲ್ಲಿ ಸಿಕ್ಕಿರುವ ಅತಿ ಹಳೆಯ ಹೀಬ್ರೂ ಗೋರಿಕಲ್ಲು ಕೇರಳದ ಚೇಂದಮಂಗಲಂ ಎಂಬ ಹಳ್ಳಿಯಲ್ಲಿದೆ. ಇಸ್ರೇಲ್ ಎಂಬುವರ ಮಗಳು ಸಾರಾ, ತೀರಿಕೊಂಡದ್ದು 1269ರಲ್ಲಿ. ಕಲ್ಲು ಈಗ ಸಿನಗಾಗ್ ಮುಂದೆ ನಿಂತಿದೆ. ಹೆಸರು ಗೊತ್ತು, ವರ್ಷ ಗೊತ್ತು. ಆಕೆಯನ್ನು ಮಣ್ಣು ಮಾಡಿದ ಜಾಗ ಯಾವುದು ಎಂದು ಆ ಕಲ್ಲು ಹೇಳಲಾರದು. ನಿಮ್ಮ ಎರಡು ಕಲ್ಲುಗಳು ಬಿದ್ದ ಜಾಗದಿಂದ ಎರಡು ಮೂರು ಮೀಟರ್ ಒಳಗೇ ಅವುಗಳ ಗೋರಿ ಇರುವ ಸಾಧ್ಯತೆ ಹೆಚ್ಚು. ಎತ್ತಿ ಬದಿಗಿಟ್ಟರೆ ಆ ಸುಳಿವು ಹೋಯಿತು.

ಮೊದಲು ಫೋಟೊ. ಕಲ್ಲಿನ ಪಕ್ಕ ಒಂದು ಸ್ಕೇಲ್ ಇಡಿ. ದೂರದಿಂದ ಒಂದು ತೆಗೆಯಿರಿ, ಹಿಂದೆ ಗೋರಿಗಳೂ ಕಾಣುವ ಹಾಗೆ. ಆಮೇಲೆ ಹತ್ತಿರದಿಂದ. ಫೋನಿನಲ್ಲಿ ಲೊಕೇಶನ್ ಆನ್ ಇರಲಿ. ಅಕ್ಷರ ಸವೆದಿದ್ದರೆ ಅದರ ಮೇಲೆ ಸೀಮೆಸುಣ್ಣವನ್ನೋ ಹಿಟ್ಟನ್ನೋ ತಿಕ್ಕಬೇಡಿ, ಎಷ್ಟೋ ಜನ ಮಾಡುತ್ತಾರೆ. ಹಿಟ್ಟು ಬೂಷ್ಟಿಗೆ ಊಟ, ಸೀಮೆಸುಣ್ಣದ ಪುಡಿ ಕಲ್ಲಿನ ಸಣ್ಣ ರಂಧ್ರಕ್ಕೆ ಹೊಕ್ಕರೆ ಹೊರಬಾರದು. ಕತ್ತಲಾಗುವಾಗ ಹೋಗಿ ಟಾರ್ಚ್ ಅನ್ನು ಕಲ್ಲಿಗೆ ಒತ್ತಿ, ಪಕ್ಕದಿಂದ ಬೆಳಕು ಹಾಯಿಸಿ. ಹಗಲು ಒಂದಕ್ಷರವೂ ಕಾಣದ ಕಲ್ಲಿನಲ್ಲಿ ಸಾಲು ಸಾಲೇ ಎದ್ದು ಬರುತ್ತದೆ. ಈ ಕೆಲಸದಲ್ಲಿ ನನಗೆ ಇವತ್ತಿಗೂ ಬೇಸರ ಬರದ ಭಾಗ ಇದೊಂದೇ.

ಓದಲು ನೀವೇ ಸ್ವಲ್ಪ ಪ್ರಯತ್ನಿಸಬಹುದು. ಈ ಕಡೆಯ ಕಲ್ಲುಗಳಲ್ಲಿ ಹೀಬ್ರೂ ಜೊತೆ ಮರಾಠಿಯೂ ಇರುವುದುಂಟು, ಅದು ನಿಮಗೆ ಬರುತ್ತದೆ ಅಂದುಕೊಂಡಿದ್ದೇನೆ. ಹೀಬ್ರೂ ಬಲದಿಂದ ಎಡಕ್ಕೆ. ಮೇಲೆ ಬಿಡಿಯಾಗಿ ಪೇ, ನೂನ್ ಎಂಬ ಎರಡು ಅಕ್ಷರ ಇದ್ದರೆ ‘ಇಲ್ಲಿ ಮಣ್ಣಾದವರು’ ಎಂದು. ವರ್ಷವನ್ನು ಅಕ್ಷರಗಳಲ್ಲೇ ಬರೆಯುತ್ತಾರೆ, ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ತಾವ್ ಅಂದರೆ 400, ರೇಶ್ 200, ಲಾಮೆದ್ 30. ಕೂಡಿದರೆ 630. ಸಾವಿರದ ಐದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ಅಂದರೆ ಅದು 5630. ಇದರಿಂದ 3760 ಕಳೆಯಿರಿ, 1870 ಬಂತು. ಅವರ ಹೊಸ ವರ್ಷ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬರುವುದರಿಂದ ನಮ್ಮ ಇಂಗ್ಲಿಷ್ ವರ್ಷದ ಕೊನೆಯ ತಿಂಗಳುಗಳಲ್ಲಿ ತೀರಿಕೊಂಡವರಿಗೆ ಒಂದು ವರ್ಷ ಹಿಂದೆ ಹೋಗಬೇಕು. ಮರಾಠಿ ಭಾಗದಲ್ಲಿ ‘ಶಕೆ’ ಎಂದಿದ್ದರೆ 78 ಕೂಡಿಸಿ, ಅದು ನಿಮಗೆ ಹೇಳಿಕೊಡಬೇಕಾಗಿಲ್ಲ. ಗಂಡಸರ ಹೆಸರಿನ ಮಧ್ಯೆ ‘ಬೆನ್’, ಹೆಂಗಸರ ಹೆಸರಿನ ಮಧ್ಯೆ ‘ಬತ್’ ಬರುತ್ತದೆ. ಇಂಥವರ ಮಗ, ಇಂಥವರ ಮಗಳು.

ಕಲ್ಲನ್ನು ಎತ್ತಲೇಬೇಕಾದ ಸಂದರ್ಭ ಬಂದರೆ, ಟ್ರ್ಯಾಕ್ಟರ್ ಓಡಾಡುವ ದಾರಿಯಲ್ಲಿದೆ ಎಂದಿಟ್ಟುಕೊಳ್ಳಿ, ಸಮುದಾಯದವರು ಎದುರಿಗಿರುವಾಗ ಎತ್ತಿ. ಭಾರವನ್ನು ಕಡಿಮೆ ಅಂದಾಜು ಮಾಡಬೇಡಿ. ಮೂರಡಿ ಉದ್ದ, ಎರಡಡಿ ಅಗಲ, ನಾಲ್ಕಿಂಚು ದಪ್ಪದ ಕರಿಗಲ್ಲು 150 ಕಿಲೋ ಮೀರುತ್ತದೆ. ಇಬ್ಬರು ಆಳು ಹಿಡಿದು ಎಳೆದರೆ ನಡುವೆ ಮುರಿಯುತ್ತದೆ, ಇಲ್ಲವೇ ಕಾಲಿನ ಮೇಲೆ ಬೀಳುತ್ತದೆ. ಸ್ಮಶಾನದ ಒಳಗೇ, ಮರದ ಪಟ್ಟಿಗಳ ಮೇಲೆ, ಸ್ವಲ್ಪ ಓರೆಯಾಗಿ ಇಡಿಸಿ. ಮನೆಗೆ, ಅಂಗಳದ ಅಲಂಕಾರಕ್ಕೆ, ‘ಜೋಪಾನ ಮಾಡೋಣ’ ಎಂದು ಪುಣೆಗೆ, ಎಲ್ಲಿಗೂ ಒಯ್ಯಬೇಡಿ. ನೂರು ವರ್ಷ ದಾಟಿದ ಕೆತ್ತನೆಯ ಕಲ್ಲು 1972ರ ಕಾಯ್ದೆಯಲ್ಲಿ ಪುರಾವಸ್ತು ಎನಿಸಿಕೊಳ್ಳಬಹುದು.

ಪುಣ್ಯದ ಕೆಲಸದ ಬಗ್ಗೆ ಕೇಳಿದ್ದೀರಿ. ನಿಮ್ಮ ಮನಸ್ಸು ಒಳ್ಳೆಯದು. ಆದರೆ ಸಿಮೆಂಟ್ ಮತ್ತು ಸುಣ್ಣ ಬೇಡವೇ ಬೇಡ. ಪೋಲೆಂಡಿನಲ್ಲಿ ನಾಜಿಗಳ ಕಾಲದಲ್ಲಿ ಯಹೂದಿ ಗೋರಿಕಲ್ಲುಗಳನ್ನು ಕಿತ್ತು ರಸ್ತೆಗೆ ಹಾಸಿದರು, ಇಂದಿಗೂ ರಸ್ತೆ ಅಗೆದಾಗ ಸಿಗುತ್ತವೆ. ಕೊಂಕಣದಲ್ಲಿ ಅಂಥದ್ದೇನೂ ನಡೆದಿಲ್ಲ. ಇಲ್ಲಿ ಗೋರಿಗಳನ್ನು ಹಾಳು ಮಾಡುವುದು ಮಳೆ, ಬೇರು, ಮತ್ತು ಒಳ್ಳೆಯ ಮನಸ್ಸಿನಿಂದ ಮಾಡಿದ ರಿಪೇರಿ.

ಅಲ್ಲಿ ವರ್ಷಕ್ಕೆ ಸುಮಾರು 2000 ಮಿಲಿಮೀಟರ್ ಮಳೆ, ಅದೂ ನಾಲ್ಕು ತಿಂಗಳಲ್ಲಿ. ಉಳಿದ ಎಂಟು ತಿಂಗಳು ಉಪ್ಪಿನ ಗಾಳಿ. ಹಳೆಯ ಗೋರಿಗಳ ಕಟ್ಟೆ ಕೆಂಪು ಮುರಕಲ್ಲಿನದು, ಗಾರೆ ಸುಣ್ಣದ್ದು. ಇವೆರಡೂ ನೀರು ಹೀರುತ್ತವೆ, ಬಿಸಿಲಿಗೆ ಬಿಡುತ್ತವೆ. ಮೇಲೆ ಸಿಮೆಂಟ್ ಮೆತ್ತಿದರೆ ಒಳಗಿನ ನೀರಿಗೆ ಹೊರಬರುವ ದಾರಿ ಮುಚ್ಚಿತು. ಅದು ಸಿಮೆಂಟ್ ಅಂಚಿನ ಪಕ್ಕದ ಮೆತ್ತನೆಯ ಕಲ್ಲಿನಿಂದ ಹೊರಡುತ್ತದೆ, ಹೊರಡುವಾಗ ಉಪ್ಪನ್ನು ಅಲ್ಲೇ ಬಿಟ್ಟುಹೋಗುತ್ತದೆ. ಉಪ್ಪು ಹರಳುಗಟ್ಟಿ ಉಬ್ಬಿ ಕಲ್ಲಿನ ಮೈಯನ್ನು ಪುಡಿ ಪುಡಿ ಉದುರಿಸುತ್ತದೆ. ಐದಾರು ಮಳೆಗಾಲ ಕಳೆದ ಮೇಲೆ ನೋಡಿದರೆ ಸಿಮೆಂಟ್ ಗಟ್ಟಿಯಾಗೇ ಇರುತ್ತದೆ, ಸುತ್ತಲಿನ ಕಲ್ಲು ಹೋಗಿರುತ್ತದೆ. ಸುಣ್ಣ ಬಳಿದರೆ ಕಲ್ಲಿಗೆ ಅಷ್ಟು ಅಪಾಯವಿಲ್ಲ, ಆದರೆ ಪ್ರತಿ ವರ್ಷ ಒಂದೊಂದು ಪದರ ಕೂತು ಅಕ್ಷರ ಮುಚ್ಚಿಹೋಗುತ್ತವೆ. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಅಂತೂ ಅಮೃತಶಿಲೆಯ ಫಲಕಕ್ಕೆ ವಿಷ. ನೊರೆ ಬಂದು ಬೆಳ್ಳಗಾಗುವುದು ಕೊಳೆಯಲ್ಲ, ಕಲ್ಲೇ ಕರಗುತ್ತಿರುತ್ತದೆ.

ಮಾಡಬಹುದಾದದ್ದು ಕಡಿಮೆ, ಮತ್ತು ಅದನ್ನೂ ಟ್ರಸ್ಟಿನವರನ್ನು ಕೇಳಿಯೇ ಮಾಡಬೇಕು. ಪೊದೆಯನ್ನು ಕತ್ತಿಯಿಂದ ಬುಡದ ತನಕ ಸವರಿಸಿ, ಬೇರು ಕೀಳಿಸಬೇಡಿ. ಜೆಸಿಬಿ ಬೇಡ, ಬೆಂಕಿ ಬೇಡ. ಬಿಸಿಯಾದ ಕಲ್ಲು ಸಿಡಿಯುತ್ತದೆ. ಗೋರಿ ಕಟ್ಟೆಯ ಸಂದಿಯಲ್ಲಿ ಅರಳಿಯ ಸಸಿ ಹುಟ್ಟಿದ್ದರೆ ಕಿರುಬೆರಳಿನ ದಪ್ಪ ಇರುವಾಗಲೇ ಕೈಯಿಂದ ತೆಗೆಯಬಹುದು. ತೋಳಿನ ದಪ್ಪ ಆಗಿದ್ದರೆ ಮುಟ್ಟಬೇಡಿ, ಎಳೆದರೆ ಕಟ್ಟೆಯೇ ಬರುತ್ತದೆ. ಕಲ್ಲು ತೊಳೆಯುವುದಾದರೆ ಸಾದಾ ನೀರು, ತೆಂಗಿನ ನಾರು ಅಥವಾ ಮೆತ್ತನೆ ಬ್ರಷ್, ಕೆಳಗಿನಿಂದ ಮೇಲಕ್ಕೆ. ತಂತಿ ಬ್ರಷ್ ಮುಟ್ಟಲೇಬೇಡಿ. ಕಲ್ಲಿನ ಮೈ ಬೆರಳಿಗೆ ಪುಡಿ ಹತ್ತುವಂತಿದ್ದರೆ ನೀರೂ ಬೇಡ. ಬೂದು, ಕಿತ್ತಳೆ ಬಣ್ಣದ ಕಲ್ಲುಹೂವು ಹಾಗೇ ಇರಲಿ. ಅದು ನೋಡಲು ಚೆನ್ನಾಗಿಲ್ಲ ಅಷ್ಟೇ, ಕೆರೆದಾಗ ಆಗುವ ಹಾನಿ ಅದು ಇರುವುದರಿಂದ ಆಗುವ ಹಾನಿಗಿಂತ ಜಾಸ್ತಿ.

ಶನಿವಾರ ಈ ಕೆಲಸ ಇಟ್ಟುಕೊಳ್ಳಬೇಡಿ, ಅವರ ಹಬ್ಬಗಳಂದೂ ಬೇಡ. ಒಳಗೆ ಕೂತು ಬುತ್ತಿ ಬಿಚ್ಚಬೇಡಿ. ಗೋರಿಗಳನ್ನು ದಾಟಿ ನಡೆಯಬೇಡಿ, ಸುತ್ತಿ ಹೋಗಿ. ಹೊರಬರುವಾಗ ಕೈ ತೊಳೆದುಕೊಳ್ಳುವುದು ಅವರ ಪದ್ಧತಿ, ನಾವೂ ಸ್ಮಶಾನದಿಂದ ಬಂದರೆ ಮಾಡುವುದೇ. ಸ್ಮಶಾನದಲ್ಲಿ ದನ ಮೇಯಿಸಬಾರದು ಎಂದು ಅವರ ಧರ್ಮಗ್ರಂಥದಲ್ಲೇ ಇದೆ. ಆದರೆ ಹಳ್ಳಿಯಲ್ಲಿ ಹೊಸದಾಗಿ ಬಂದವರು ಮೊದಲ ದಿನವೇ ದನ ಅಟ್ಟಲು ನಿಂತರೆ ಊರ ಜೊತೆ ಜಗಳ. ಅದನ್ನು ಪಂಚಾಯಿತಿಗೆ ಬಿಡಿ.

ದನ ತಡೆಯಲು, ಗಡಿ ಗುರುತಿಗೆ ಗೋಡೆ ಬೇಕು ಎಂದು ನಿಮ್ಮ ಮಗನಿಗೆ ಅನ್ನಿಸಬಹುದು. ಗೋಡೆಯ ಪಾಯಕ್ಕೆ ಎರಡಡಿ ಅಗೆದರೂ ಅಂಚಿನ ಗೋರಿಗೆ ತಾಗುವ ಭಯ ಇದೆ. ನನ್ನ ಆಯ್ಕೆ ಗಾರೆಯಿಲ್ಲದೆ ಕಲ್ಲು ಪೇರಿಸಿದ ಸೊಂಟದೆತ್ತರದ ಪಾಗಾರ. ಕೊಂಕಣದ ತೋಟಗಳಿಗೆಲ್ಲ ಇರುವುದು ಅದೇ. ನೆಲದ ಮೇಲೇ ಕೂರುತ್ತದೆ, ಅಗೆತ ಬೇಡ, ಮಳೆನೀರು ನಡುವೆ ಹರಿದುಹೋಗುತ್ತದೆ. ಗಡಿಗೆರೆಯಿಂದ ಎರಡು ಮೂರು ಮೀಟರ್ ನಿಮ್ಮ ಕಡೆ ಬಿಟ್ಟು ಕಟ್ಟಿಸಿ. ಹತ್ತು ಗುಂಟೆಯಲ್ಲಿ ಅಷ್ಟು ಜಾಗ ಬಿಡುವುದು ಹೊಟ್ಟೆ ಉರಿಯುವ ಮಾತು, ಗೊತ್ತು. ಆ ಪಟ್ಟಿಯಲ್ಲಿ ಹೂವಿನ ಗಿಡ ಹಾಕಿ, ಮರ ಬೇಡ. ಪೇರಿಸಲು ಸ್ಮಶಾನದ ಕಾಡುಕಲ್ಲು ಮಾತ್ರ ಎತ್ತಬಾರದು ಎಂದು ಮೇಸ್ತ್ರಿಗೆ ಎದುರು ನಿಂತು ಹೇಳಿ. ಹೇಳದಿದ್ದರೆ ಹತ್ತಿರ ಇರುವುದನ್ನೇ ಎತ್ತುತ್ತಾರೆ.

ಬಾವಿಯ ನೀರು ನಿಮ್ಮ ಮೊದಲ ಚಿಂತೆಯಾಗಿತ್ತು, ನನ್ನ ಪಟ್ಟಿಯಲ್ಲಿ ಅದು ಕೊನೆಯದು. ಹತ್ತಾರು ವರ್ಷದಿಂದ ಯಾರನ್ನೂ ಹೂಳದ ಸ್ಮಶಾನದಿಂದ ನೀರು ಕೆಡುವ ಸಂಭವ ತೀರಾ ಕಡಿಮೆ. ಕೊಳೆಯುವುದೆಲ್ಲ ಎಂದೋ ಮುಗಿದಿರುತ್ತದೆ. ಕೊನೆಯ ಮಣ್ಣು ಯಾವಾಗ ಆಯಿತೆಂದು ಮಾತ್ರ ಸಿನಗಾಗ್‌ನವರನ್ನು ಕೇಳಿ. ಇಂಥ ಹಳ್ಳಿಯಲ್ಲಿ ಬಾವಿಗೆ ನಿಜವಾದ ಶತ್ರು ಪಕ್ಕದ ಮನೆಯ ಸೆಪ್ಟಿಕ್ ಗುಂಡಿ ಮತ್ತು ಸಮುದ್ರದ ಉಪ್ಪು. ಬಾವಿಯನ್ನು ಸ್ಮಶಾನದಿಂದ ಆದಷ್ಟು ದೂರದ ಮೂಲೆಯಲ್ಲಿ ತೋಡಿಸಿ, ಕೋಲಿಫಾರ್ಮ್, ನೈಟ್ರೇಟ್, ಕ್ಲೋರೈಡ್ ಮೂರಕ್ಕೂ ನೀರು ಪರೀಕ್ಷೆ ಮಾಡಿಸಿ. ವಾಸ್ತು ನೀವು ಕೇಳಿಲ್ಲ, ನಾನೂ ಹೇಳುವುದಿಲ್ಲ.

ಒಂದು ಸಲ ಅಲಿಬಾಗ್‌ಗೆ ಹೋದಾಗ ಸಿನಗಾಗ್‌ಗೆ ನೀವೇ ಹೋಗಿ ಬನ್ನಿ, ಶನಿವಾರ ಬಿಟ್ಟು. ಏಜೆಂಟನ್ನು ಕರೆದೊಯ್ಯಬೇಡಿ. ಆ ಎರಡು ಕಲ್ಲುಗಳ ಫೋಟೊ ಪ್ರಿಂಟ್ ಹಾಕಿಸಿಕೊಂಡು ಹೋಗಿ, ಫೋನಿನಲ್ಲಿ ತೋರಿಸುವುದಕ್ಕಿಂತ ಕೈಗೆ ಕೊಡುವುದು ಒಳ್ಳೆಯದು. ಹೆಸರು ಓದಲು ಬಂದರೆ ಅವರೇ ಮನೆತನ ಗುರುತಿಸಬಹುದು. ಸ್ಮಶಾನದ ಹಳೆಯ ನಕ್ಷೆಯೋ ಲೆಕ್ಕದ ಪುಸ್ತಕವೋ ಇದೆಯಾ ಎಂದೂ ಕೇಳಿ. ಮೋಜಣಿ ದಿನ ಅದು ಕೈಯಲ್ಲಿದ್ದರೆ ಅರ್ಧ ಜಗಳ ತಪ್ಪುತ್ತದೆ. ಇದೆಲ್ಲ ಜೂನ್ ಮೊದಲ ವಾರದೊಳಗೆ ಮುಗಿಯಲಿ. ಮಳೆ ಹಿಡಿದರೆ ಹುಲ್ಲು ಸೊಂಟದೆತ್ತರ ಬೆಳೆಯುತ್ತದೆ, ಮೋಜಣಿಯವರೂ ಬರುವುದಿಲ್ಲ. ‘ಬೇರೆ ಪಾರ್ಟಿ ಕಾಯ್ತಿದೆ, ಈ ವಾರ ಉಳಿದ ದುಡ್ಡು ಕೊಡಿ’ ಎಂದು ಏಜೆಂಟ್ ಅವಸರ ಮಾಡಿದರೆ, ಆ ಪಾರ್ಟಿಗೇ ಕೊಡು ಎಂದು ಹೇಳಿಬಿಡಿ.